ಅರ್ಧ ಇಂಚೋ, ಮುಕ್ಕಾಲು ಇಂಚೋ

ಬಡ್ತಿ ತಪ್ಪಿದ ಗಂಡಸು ಮನೆಗೆ ಬಂದು ಯಾವುದಾದರೊಂದು ವಸ್ತುವಿಗೆ ಬಡ್ತಿ ಕೊಡಲು ಹೊರಡುತ್ತಾನೆ ಎಂಬುದು ನನ್ನ ಅನುಭವ. ಕೆಲವರು ಸ್ಕೂಟರಿಗೆ ಹೊಸ ಹಾರ್ನ್ ಹಾಕಿಸುತ್ತಾರೆ, ಕೆಲವರು ಮಗನನ್ನು ಇನ್ನೊಂದು ಟ್ಯೂಷನ್ನಿಗೆ ಅಟ್ಟುತ್ತಾರೆ. ನಾನು ನನ್ನ ಹಳೆಯ ಕಂಪ್ಯೂಟರಿನ ಪ್ರೊಸೆಸರಿಗೆ ಗಂಟುಬಿದ್ದೆ. ಪ್ರತಿ ಪ್ರೊಸೆಸರಿಗೂ ಅದನ್ನು ಮಾಡಿದ ಕಂಪನಿ ಇಷ್ಟೇ ವೇಗ ಎಂದು ಗೊತ್ತುಮಾಡಿರುತ್ತದೆ. ಕಂಪ್ಯೂಟರ್ ಚಾಲೂ ಆಗುವ ಹೊತ್ತಿಗೆ ಒಂದು ಗುಂಡಿ ಒತ್ತಿ ಒಳಗಿನ ಸೆಟ್ಟಿಂಗುಗಳಿಗೆ ನುಗ್ಗಿ, ಆ ವೇಗವನ್ನು ನಮಗೆ ಬೇಕಾದಂತೆ ಏರಿಸಬಹುದು. ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ನಮ್ಮ ಕಚೇರಿಯ ಲೆಕ್ಕದಲ್ಲಿ ಹೇಳುವುದಾದರೆ ಗುಮಾಸ್ತನ ಸಂಬಳ ಕೊಟ್ಟು ಅಧಿಕಾರಿಯ ಕೆಲಸ ತೆಗೆಯುವುದು. ಅವನು ಪಾಪ ಮಾಡುತ್ತಾನೆ, ಆದರೆ ಬಿಸಿಯಾಗುತ್ತಾನೆ. ಇನ್ನೂ ಒತ್ತಿದರೆ ಒಂದು ದಿನ ಪರದೆಯೆಲ್ಲ ನೀಲಿ ಮಾಡಿಕೊಂಡು ಮಲಗಿಬಿಡುತ್ತಾನೆ.

ಇಷ್ಟು ವೇಗ ಇಟ್ಟುಕೊಂಡು ನಾನು ಮಾಡುತ್ತಿದ್ದ ಘನಕಾರ್ಯ ಏನು ಎಂದು ಕೇಳಬೇಡಿ. ಮಗಳ ಫೋಟೋಗಳನ್ನು ನೋಡುತ್ತಿದ್ದೆ. ಭಾನುವಾರ ವಚನ ಕೇಳುತ್ತಿದ್ದೆ. ಉಳಿದಂತೆ, ಬಡ್ತಿ ತಪ್ಪಿದ್ದರ ಬಗ್ಗೆ ಮೇಲಿನವರಿಗೆ ಬರೆದ ಅರ್ಜಿಯನ್ನು ತೆರೆದು ತಿದ್ದುತ್ತಿದ್ದೆ. ಓವರ್‌ಕ್ಲಾಕ್ ಮಾಡಿದ ಮೇಲೆ ಆ ಅರ್ಜಿ ಮೊದಲಿಗಿಂತ ಬೇಗ ತೆರೆಯುತ್ತಿತ್ತು. ಅದನ್ನು ಓದಬೇಕಾದವರು ಮಾತ್ರ ಅದನ್ನು ತೆರೆಯುವ ಲಕ್ಷಣ ಕಾಣಲಿಲ್ಲ. ನನ್ನ ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು ಒಂದು ದಿನ ಕೇಳಿದಳು: “ಇಷ್ಟ ಜಲ್ದಿ ಎಲ್ಲಾ ಮುಗಿಸಿ ಮುಂದ ಏನ ಮಾಡವ್ರಿದ್ದೀರಿ?” ಪ್ರಶ್ನೆ ಸರಿಯಾಗಿತ್ತು. ಸರಿಯಾದ ಪ್ರಶ್ನೆಗಳಿಗೆ ನಾನು ಮನೆಯಲ್ಲಿ ಉತ್ತರ ಕೊಡುವುದಿಲ್ಲ.

ನನಗೆ ಈ ಚಟ ಹಚ್ಚಿದವರು ಚನ್ನಣ್ಣ. ನಾನು ಬೀದರ್ ಕಡೆಯವನು, ಅವರು ಕಲಬುರಗಿಯ ಆಳಂದದವರು, ಇಬ್ಬರೂ ಕೇಂದ್ರ ಸರ್ಕಾರದ ಒಂದೇ ಕಚೇರಿಯಲ್ಲಿ ಔರಂಗಾಬಾದಿನಲ್ಲಿ ಅಕ್ಕಪಕ್ಕದ ಮೇಜಿನಲ್ಲಿದ್ದೆವು. ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ಆಗ ನಮ್ಮ ಬಾಯಿಗೆ ಔರಂಗಾಬಾದೇ ರೂಢಿ. ಮಧ್ಯಾಹ್ನ ಡಬ್ಬಿ ಬಿಚ್ಚಿ ನಾವಿಬ್ಬರೂ ಕನ್ನಡದಲ್ಲಿ ಮಾತಾಡಲು ತೊಡಗಿದರೆ ಉಳಿದವರು ತಮ್ಮ ಮೇಲೆಯೇ ಚಾಡಿ ನಡೆದಿದೆ ಎಂದು ಕಿವಿ ನಿಮಿರಿಸುತ್ತಿದ್ದರು. ಪಾಪ, ನಾವು ಮಾತಾಡುತ್ತಿದ್ದುದು ಪ್ರೊಸೆಸರಿನ ಬಗ್ಗೆ. ಅದೂ ನಾನಲ್ಲ, ಚನ್ನಣ್ಣ ಮಾತಾಡುತ್ತಿದ್ದರು. ನಾನು ಅವರ ಶೇಂಗಾ ಹಿಂಡಿಗೆ ಕೈ ಹಾಕಿಕೊಂಡು ಹೂಂಗುಟ್ಟುತ್ತಿದ್ದೆ. ಆಮೇಲೆ ನನಗೆ ನಾಸಿಕಕ್ಕೆ ವರ್ಗವಾಯಿತು. ಅಂಬಡ್ ಕೈಗಾರಿಕಾ ಪ್ರದೇಶದ ಹತ್ತಿರ ಬಾಡಿಗೆ ಮನೆ ಸಿಕ್ಕಿತು. ಊರು ಒಳ್ಳೆಯದು, ನೀರು ಒಳ್ಳೆಯದು, ದ್ರಾಕ್ಷಿ ಅಗ್ಗ. ಆದರೆ ಕನ್ನಡ ಮಾತಾಡಲು ಹೆಂಡತಿಯೊಬ್ಬಳೇ. ಅವಳು ನನ್ನೊಂದಿಗೆ ಆಡಬೇಕಾದ ಮಾತನ್ನೆಲ್ಲ ಹಿಂದೆಯೇ ಆಡಿ ಮುಗಿಸಿದ್ದಳು. ಮಗಳಿಗೆ ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ.

ಹೀಗಾಗಿ ಶನಿವಾರ ರಜೆಯ ಮಧ್ಯಾಹ್ನ ಚನ್ನಣ್ಣನ ಫೋನು. “ಒಂದೊಂದೇ ಪಾವಟಿಗಿ ಏರಸ್ರಿ ಪಾಟೀಲ್ರ. ಒಮ್ಮಿಗಿಲೇ ಏರಿಸಿದ್ರ ಸುಟ್ಟು ಹೋಗ್ತದ. ಏರಸೋದು, ಓಡಸೋದು, ಬಿಸಿ ನೋಡೋದು. ಬಿಸಿ ನೋಡಲಾರದೆ ಮುಂದ ಹೆಜ್ಜಿ ಇಡಬ್ಯಾಡ್ರಿ.” ನಾನು ಏರಿಸುತ್ತಿದ್ದೆ, ಓಡಿಸುತ್ತಿದ್ದೆ, ಬಿಸಿ ಎಷ್ಟೆಂದು ಅವರಿಗೆ ಒಪ್ಪಿಸುತ್ತಿದ್ದೆ. ಬೇಸಿಗೆ ಬಂದಾಗ ಒಳಗಿನ ಫ್ಯಾನು ಹುಚ್ಚು ಹಿಡಿದಂತೆ ತಿರುಗತೊಡಗಿತು. ಮಗಳು ಕಿವಿ ಮುಚ್ಚಿಕೊಂಡು, “ಪಪ್ಪಾ, ಗಿರಣೀಚಾ ಆವಾಜ್ ಯೇತೋಯ್” ಎಂದಳು. ನಿಜವಾಗಿಯೂ ಮನೆಯೊಳಗೆ ಜೋಳ ಬೀಸುತ್ತಿದ್ದಂತೆಯೇ ಇತ್ತು.

ಆಗ ಚನ್ನಣ್ಣ ಘೋಷಿಸಿದರು: ಇನ್ನು ಗಾಳಿ ಸಾಲದು, ನೀರು ಬೇಕು. ಪ್ರೊಸೆಸರಿನ ತಲೆಯ ಮೇಲೆ ತಾಮ್ರದ ಒಂದು ಟೊಳ್ಳು ಬಿಲ್ಲೆ ಕೂರಿಸಬೇಕು. ಒಂದು ಪಂಪು ಅದರೊಳಗೆ ನೀರು ಹಾಯಿಸುತ್ತದೆ, ನೀರು ಬಿಸಿಯನ್ನು ಹೊತ್ತು ಪೈಪಿನಲ್ಲಿ ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ತಣ್ಣಗಾಗಿ ಮರಳಿ ಬರುತ್ತದೆ. ವಿದೇಶದಲ್ಲಿ ಇದೆಲ್ಲ ಚಂದದ ಡಬ್ಬಿಯಲ್ಲಿ ಸಿಗುತ್ತದಂತೆ. ನಮಗೆ ಅದು ಎಟಕುವ ಮಾತಲ್ಲ. ಚನ್ನಣ್ಣ ದೇಸಿ ದಾರಿ ಹುಡುಕಿದರು. ಬೇಸಿಗೆಯಲ್ಲಿ ಮನೆಮನೆಯ ಕಿಟಕಿಗೆ ಕೂಲರ್ ಇಡುತ್ತಾರಲ್ಲ, ಅದರ ತಳದ ಪುಟ್ಟ ಪಂಪು. ಅಂಬಡದ ಗುಜರಿ ಅಂಗಡಿಯಿಂದ ಹಳೆ ಕಾರಿನ ಹೀಟರಿನ ರೇಡಿಯೇಟರ್. ತಾಮ್ರದ ಬಿಲ್ಲೆಯನ್ನು ಅವರ ಪರಿಚಯದ ಲೇತ್ ಅಂಗಡಿಯಲ್ಲಿ ಮಾಡಿಸುವುದು. ಬಿಲ್ಲೆ ಮತ್ತು ಪಂಪು ಅವರ ಪಾಲು, ರೇಡಿಯೇಟರ್ ಮತ್ತು ಪೈಪು ನನ್ನ ಪಾಲು. ದಸರೆಗೆ ತಮ್ಮ ಹೆಂಡತಿ ಮಹಾದೇವಿ ವೈನಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದು ಎಲ್ಲವನ್ನೂ ಅವರೇ ಕೂಡಿಸುವುದು, ಆಮೇಲೆ ಹಳೆ ಪ್ರೊಸೆಸರ್ ತೆಗೆದು ಹೊಸದು ಹಾಕುವುದು. ಯೋಜನೆ ಎಷ್ಟು ಭವ್ಯವಾಗಿತ್ತೆಂದರೆ ಶಾಂತಾ ಕೂಡ ಅವರು ಬಂದಾಗ ಏನು ಅಡಿಗೆ ಎಂದು ಯೋಚಿಸತೊಡಗಿದಳು.

ನನ್ನ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಎಂದು ಪ್ರತಿ ವಾರ ಕೇಳುತ್ತಿದ್ದ ಈ ಮನುಷ್ಯ ತನ್ನ ಬಿಪಿ ಎಷ್ಟಿದೆ ಎಂದು ಒಮ್ಮೆಯೂ ನೋಡಿಸಿರಲಿಲ್ಲ. ತಲೆ ನೋಯುತ್ತಿತ್ತು, ಅಂಗಡಿಯ ಗುಳಿಗೆ ನುಂಗಿದರು. ಕಾಲು ಬಾತುಕೊಂಡವು, ಒಂದು ಅಳತೆ ದೊಡ್ಡ ಚಪ್ಪಲಿ ಕೊಂಡರು. ಮುಖ ಊದಿಕೊಂಡಿತು, ಮೈ ತುಂಬಿಕೊಂಡಿದೆ ಎಂದು ಕಚೇರಿಯಲ್ಲಿ ಹೊಗಳಿಸಿಕೊಂಡರು. ಕಡೆಗೆ ಮೆಟ್ಟಿಲ ಮೇಲೆ ಉಸಿರು ಸಿಗದೆ ಕೂತುಬಿಟ್ಟಾಗ ಎತ್ತಿಕೊಂಡು ಹೋಗಿ ದವಾಖಾನೆಗೆ ಸೇರಿಸಿದರು. ಎರಡೂ ಕಿಡ್ನಿ ಹೋಗಿವೆ, ಬಿಪಿ ಎಷ್ಟು ವರ್ಷಗಳಿಂದ ಏರಿತ್ತೋ ಎಂದರು ಡಾಕ್ಟರು. ಮಹಾದೇವಿ ವೈನಿ ಫೋನಿನಲ್ಲಿ ಇಷ್ಟನ್ನು ಹೇಳಿ ಅಳತೊಡಗಿದರು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಬಿಸಿ ನೋಡದೆ ಮುಂದೆ ಹೆಜ್ಜೆ ಇಡಬೇಡಿ ಎಂದು ನನಗೆ ಪಾಠ ಹೇಳಿದವರು ಇವರೇ ಅಲ್ಲವೇ?

ನೋಡಲು ಹೊರಟೆ. ಹೊರಡುವಾಗ ಶಾಂತಾ ನನ್ನ ಕೈಗೆ ಒಂದು ಕ್ಯಾನು ಕೊಟ್ಟಳು. ನಾಸಿಕದವರಿಗೆ ಗೋದಾವರಿಯೇ ಗಂಗೆ. ಅದರ ಪಾತ್ರದಲ್ಲಿರುವ ರಾಮಕುಂಡದ ನೀರಿಲ್ಲದೆ ಇಲ್ಲಿಂದ ಯಾರೂ ರೋಗಿಯನ್ನು ನೋಡಲು ಹೋಗುವುದಿಲ್ಲ. ನಾವು ಹೊರಗಿನವರಾದರೂ ಈ ರೂಢಿ ನಮಗೆ ಬೇಗ ಅಂಟಿತ್ತು. ಬೆಳಿಗ್ಗೆಯೇ ಹೋಗಿ ತುಂಬಿಸಿಕೊಂಡು, ಮುಚ್ಚಳಕ್ಕೆ ಕುಂಕುಮ ಹಚ್ಚಿ, ಅಲುಗಾಡದಂತೆ ಕಟ್ಟಿ ತಂದಿದ್ದಳು. ಎಸ್‌ಟಿ ಬಸ್ಸಿನಲ್ಲಿ ಯೇವಲಾ, ವೈಜಾಪುರ ದಾಟಿ ಔರಂಗಾಬಾದ್ ಮುಟ್ಟುವವರೆಗೆ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರ್ ಕೂಡ ಅದನ್ನು ಮುಟ್ಟಿ ಹಣೆಗೆ ಒತ್ತಿಕೊಂಡ, ಟಿಕೇಟು ಮಾತ್ರ ಪೂರ್ತಿ ಹರಿದ.

ಚನ್ನಣ್ಣ ಡಯಾಲಿಸಿಸ್ ಕೋಣೆಯಲ್ಲಿದ್ದರು. ಒಂದು ತೋಳಿಗೆ ಸೂಜಿ ಚುಚ್ಚಿ ಎರಡು ಪೈಪು ಹಾಕಿದ್ದರು. ಪಕ್ಕದ ಮಷೀನಿನಲ್ಲಿ ಒಂದು ಪಂಪು ತಿರುಗುತ್ತ ಅವರ ರಕ್ತವನ್ನು ಹೊರಗೆಳೆದು, ತೊಳೆದು, ಮರಳಿ ಒಳಗೆ ಕಳಿಸುತ್ತಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವರು ಇನ್ನೊಂದು ಕೈ ಎತ್ತಿ ಕರೆದರು. “ಬರ್ರಿ ಪಾಟೀಲ್ರ. ನೋಡ್ರಿ, ನಿಮ್ಮ ಕಂಪ್ಯೂಟರಿಗಿಂತ ಮೊದಲ ನನಗ ವಾಟರ್ ಕೂಲಿಂಗ್ ಹಚ್ಚಿಬಿಟ್ಟಾರ. ಪಂಪ್ ಅದ, ಪೈಪ್ ಅದ, ಆ ಉದ್ದಂದು ಕಾಣಸ್ತದಲ್ರಿ, ಅದೇ ನಮ್ಮ ರೇಡಿಯೇಟರ್ ಅಂತ ತಿಳೀರಿ. ಎಲ್ಲಾ ಫಾರಿನ್ ಮಾಲು.” ಪಕ್ಕದಲ್ಲಿ ಕೂತ ವೈನಿ, “ಬೆಳಿಗ್ಗಿಂದ ಇದೇ ಮಾತ್ರಿ. ನರ್ಸಬಾಯಿಗಿ ಪೈಪಿನ ಸೈಜ್ ಕೇಳ್ಯಾರ” ಎಂದು ಕಣ್ಣೊರೆಸಿಕೊಂಡರು. ನಾನು ನಗಲೆಂದೇ ಚನ್ನಣ್ಣ ಆ ಮಾತು ಆಡಿದ್ದರು. ನಕ್ಕೆ. ಆ ನಗು ನನಗೇ ಕೆಟ್ಟದಾಗಿ ಕೇಳಿಸಿತು.

ಆಮೇಲೆ ಗೊತ್ತಾಯಿತು, ಅವರ ಮೈಯಿಂದ ನೀರು ಹೊರಗೆ ಹೋಗುವ ದಾರಿ ಮುಚ್ಚಿರುವುದರಿಂದ ಒಳಗೆ ಹೋಗುವ ನೀರಿಗೆ ಡಾಕ್ಟರು ಅಳತೆ ಹಾಕಿದ್ದಾರೆ. ಗುಳಿಗೆ ನುಂಗಿದ್ದೂ ಅದರಲ್ಲೇ, ಚಹಾ ಕುಡಿದದ್ದೂ ಅದರಲ್ಲೇ. ತುಟಿ ಒಣಗಿ ಬಿರಿದಿದ್ದವು. ಚನ್ನಣ್ಣ ಹೇಳಿದರು: “ನೋಡಲಾಕ ಬಂದವ್ರೆಲ್ಲಾ ತೀರ್ಥ ತರ್ತಾರ್ರಿ. ಆಫೀಸಿನವ್ರು ವೇರೂಳದ ಗುಡೀದು ತಂದ್ರು. ಆಳಂದಿಂದ ನಮ್ಮ ಕಾಕಾ ಸ್ವಾಮಿಗಳ ಪಾದೋದಕ ತಂದ್ರು. ಮನಿ ಮಾಲಕ ಪೈಠಣದ ಗೋದಾವರೀದು. ಒಲ್ಲೆ ಅನ್ನಲಾಕ ಬರಂಗಿಲ್ಲ, ಬಾಯಾಗ ಹಾಕೇ ಬಿಡ್ತಾರ. ಡಾಕ್ಟರ್ ಕೊಟ್ಟ ನೀರೆಲ್ಲಾ ದೇವರಿಗೇ ಹೋಗ್ತದ. ನೀರಡಿಕಿ ನನಗ ಆಗ್ಯದೋ ಅವಗ ಆಗ್ಯದೋ ತಿಳಿವಲ್ದು.” ನಾನು ಮೆಲ್ಲಗೆ ಕಾಲಿನಿಂದ ಕ್ಯಾನನ್ನು ಕುರ್ಚಿಯ ಕೆಳಗೆ ತಳ್ಳಿದೆ. ಒಳಗಿನ ನೀರು ಗುಳುಗುಳು ಎಂದಿತು.

“ಏನದರಿ ಅದು?”

“ಏನಿಲ್ರಿ.”

“ರಾಮಕುಂಡದ್ದಾ?”

“ಹೂಂ.”

“ಕ್ಯಾನ ತುಂಬಾ ಅದನಾ?” ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡರು. “ವಾಪಸ್ ತಗೊಂಡ ಹೋಗ್ರಿ ಪಾಟೀಲ್ರ. ಅಷ್ಟ ನೀರ ನನ್ನ ಮುಂದ ಇಡಬ್ಯಾಡ್ರಿ.” ಈ ಮಾತಿನಲ್ಲಿ ತಮಾಷೆ ಇರಲಿಲ್ಲ. ನಾನು ಕ್ಯಾನು ಎತ್ತಿಕೊಂಡು ಹೊರಗೆ ಹೋಗಿ ನಿಂತೆ, ಗೋಡೆಗೆ ಮುಖ ಮಾಡಿಕೊಂಡು ಅತ್ತೆ.

ಹೀಗೆ ಗೋದಾವರಿ ಔರಂಗಾಬಾದಿಗೆ ಹೋಗಿ ಮತ್ತೆ ನಾಸಿಕಕ್ಕೆ ಬಂದಳು. ತೀರ್ಥವನ್ನು ಮೋರಿಗೆ ಚೆಲ್ಲಕೂಡದು ಎಂದಳು ಶಾಂತಾ. ರೋಗಿಯ ಹೆಸರಿನಲ್ಲಿ ಹೊರಟ ನೀರನ್ನು ನಾವು ಕುಡಿಯಲೂ ಬಾರದಂತೆ. ತುಳಸಿಗೆ ಅಷ್ಟು ಹಾಕಿದರೆ ಕೊಳೆಯುತ್ತದೆ. ಚನ್ನಣ್ಣ ನನ್ನೊಂದಿಗೆ ಲೇತ್ ಅಂಗಡಿಯ ಬಿಲ್ಲೆ ಕಳಿಸಿದ್ದರು. ಹೊಸ ಪಂಪನ್ನು ದಸರೆಗೆ ತಾವೇ ತರುವುದಾಗಿ ಇಟ್ಟುಕೊಂಡಿದ್ದರಿಂದ ನಮ್ಮ ಕೂಲರಿನದೇ ಹಳೆ ಪಂಪು, ಪೈಪು ಕಿತ್ತು, ಕಂಪ್ಯೂಟರಿನ ಹೊರಗೆ ಬಕೆಟ್ಟಿನಲ್ಲಿಟ್ಟು ನೀರು ಸರಿಯಾಗಿ ಸುತ್ತುತ್ತದೋ ಸೋರುತ್ತದೋ ಎಂದು ಮೊದಲು ಪರೀಕ್ಷೆ ಮಾಡಿ ಎಂದಿದ್ದರು. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೇ ಬಳಸಿ ಎಂದೂ ಹೇಳಿದ್ದರು. ಶಾಂತಾ, “ಹೊಸಾದಕ್ಕ ಮೊದಲ ತೀರ್ಥ ಹಾಕಬೇಕಲ್ರಿ” ಎಂದಳು. ಇಬ್ಬರ ಸಮಸ್ಯೆಯೂ ಒಂದೇ ಏಟಿಗೆ ತೀರಿತೆಂದು ನಾನು ಕ್ಯಾನನ್ನು ಬಕೆಟ್ಟಿಗೆ ಬಗ್ಗಿಸಿದೆ. ಒಂದಿಷ್ಟು ದಿನ ಪಂಪು ಚೆನ್ನಾಗಿ ಓಡಿತು. ಆಮೇಲೆ ಪೈಪಿನೊಳಗೆ ಹಸಿರು ಪಾಚಿ ಕಟ್ಟಿತು, ಬಿಲ್ಲೆಯ ಬಾಯಿ ಮುಚ್ಚಿತು, ಪಂಪು ನರಳಿ ನಿಂತಿತು. ಫೋನಿನಲ್ಲಿ ತಪ್ಪೊಪ್ಪಿಕೊಂಡೆ. ಚನ್ನಣ್ಣ ನೊಂದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಕೆಮ್ಮುತ್ತ ಕೆಮ್ಮುತ್ತ ನಗುವುದು ಕೇಳಿಸಿತು. “ಅದರ ಕಿಡ್ನಿನೂ ಹೋತಲ್ರಿ ಪಾಟೀಲ್ರ! ಇನ್ನ ವಾರಕ್ಕ ಎರಡ ಸಲ ಅದನ್ನೂ ತೊಳೀರಿ.”

ಅವರ ಡಯಾಲಿಸಿಸ್ ಮಂಗಳವಾರ ಮತ್ತು ಶನಿವಾರ. ಶನಿವಾರ ನನಗೆ ರಜೆಯಾದ್ದರಿಂದ ಅವರು ಮಷೀನಿನ ಮೇಲೆ ಮಲಗಿದಷ್ಟು ಹೊತ್ತೂ ನಮ್ಮ ಮಾತು. ದಸರೆ ಬಂದು ಹೋಯಿತು, ಅವರು ಬರುವ ಮಾತು ಇಬ್ಬರೂ ಎತ್ತಲಿಲ್ಲ. ರಕ್ತ, ಡಾಕ್ಟರು, ಮುಂದೆ ಏನು ಎಂಬುದನ್ನು ಅವರು ಬಾಯಿಗೆ ತರುತ್ತಿರಲಿಲ್ಲ. ಪಂಪು, ಪೈಪು, ರೇಡಿಯೇಟರ್, ಇಷ್ಟೇ. ಈ ಯೋಜನೆಯೊಂದೇ ಅವರನ್ನು ಹಿಡಿದು ನಿಲ್ಲಿಸಿದೆ ಎಂದು ನನಗೆ ಖಾತ್ರಿಯಾಯಿತು. ಅದು ಮುಗಿದ ದಿನ ಅವರಿಗೆ ಮಾತಾಡಲು ತಮ್ಮ ರೋಗವೊಂದೇ ಉಳಿಯುತ್ತದೆ. ಆದ್ದರಿಂದ ಅದನ್ನು ಮುಗಿಸಬಾರದೆಂದು ತೀರ್ಮಾನಿಸಿದೆ. ಅಂಬಡದಲ್ಲಿ ನನಗೆ ಬೇಕಾದ ರೇಡಿಯೇಟರ್ ಸಿಗುವ ಅಂಗಡಿ ಯಾವುದೆಂದು ಗೊತ್ತಿತ್ತು. ಆದರೆ ಹೋಗಿಯೇ ಇಲ್ಲದೆ ಸಿಗಲಿಲ್ಲ ಎನ್ನುವುದಕ್ಕೆ ಮನಸ್ಸು ಒಪ್ಪಲಿಲ್ಲ. ಸರ್ಕಾರಿ ನೌಕರನಿಗೆ ಸುಳ್ಳಿಗೂ ಒಂದು ಆಧಾರ ಬೇಕು. ಆ ಕೈಗಾರಿಕಾ ಪ್ರದೇಶಕ್ಕೆ ಶನಿವಾರ ವಾರದ ರಜೆ. ಕಾರ್ಖಾನೆಗಳ ಜೊತೆಗೆ ಗುಜರಿ ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ನಾನು ಪ್ರತಿ ಶನಿವಾರ ಬೆಳಿಗ್ಗೆ ಶಿಸ್ತಾಗಿ ಚೀಲ ಹಿಡಿದು ಅಂಬಡಕ್ಕೆ ಹೋಗಿ, ಮುಚ್ಚಿದ ಷಟರಿನ ಮುಂದೆ ಸ್ವಲ್ಪ ಹೊತ್ತು ನಿಂತು, ಮರಳಿ ಬಂದು ಫೋನಿನಲ್ಲಿ ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತಿದ್ದೆ: “ಹೋಗಿದ್ದೆ ಅಣ್ಣಾರ. ಅಂಗಡಿ ಬಂದ್ ಇತ್ತು.”

ಶಾಂತಾ ಒಮ್ಮೆ ಕೇಳಿದಳು: “ಶನಿವಾರ ಅಂಬಡದಾಗ ಎಲ್ಲಾ ಬಂದ್ ಇರ್ತದ. ಗೊತ್ತಿಲ್ಲೇನ್ರಿ?”

“ಗೊತ್ತದ” ಎಂದೆ. ಅವಳು ಚೀಲ ತಂದು ನನ್ನ ಕೈಗಿಟ್ಟಳು.

ನನ್ನ ಈ ಜಾಣತನದ ನಡುವೆ ಇನ್ನೊಂದು ಕಷ್ಟ ಶುರುವಾಯಿತು. ಚನ್ನಣ್ಣ ಪೈಪಿನ ಅಳತೆ ಮರೆಯತೊಡಗಿದರು. ಒಂದು ಶನಿವಾರ ಅರ್ಧ ಇಂಚಿನ ಪೈಪು ತನ್ನಿ ಎಂದರು. ಸಂಜೆ ಊರೊಳಗಿನ ಅಂಗಡಿಗೆ ಹೋಗಿ ತಂದೆ. ಮುಂದಿನ ಶನಿವಾರ, “ಅರ್ಧ ಇಂಚ್ ಯಾರ ಹೇಳ್ಯಾರ? ಮುಕ್ಕಾಲ ಇಂಚ್ ಬೇಕು” ಎಂದರು. ಮುಕ್ಕಾಲು ತಂದೆ. ಅದರ ಮುಂದಿನ ವಾರ ಮತ್ತೆ ಅರ್ಧ. ಅದೂ ಮೊದಲು ತಂದ ಪೈಪು ಬೇಡ, ಅದಕ್ಕಿಂತ ಮೆತ್ತಗಿನದು ಬೇಕು. ಇಡೀ ಕಚೇರಿಯ ನಿಯಮಾವಳಿ ಬಾಯಿಪಾಠವಿದ್ದ ಮನುಷ್ಯ. ರಕ್ತದಲ್ಲಿ ವಿಷ ಕೂಡಿದರೆ ತಲೆಗೆ ಏರುತ್ತದೆ, ಮರೆವು ಬರುತ್ತದೆ ಎಂದು ನಾನು ಎಲ್ಲಿಯೋ ಓದಿದ್ದೆ. ಒಮ್ಮೆಯೂ ಅವರ ಮಾತನ್ನು ತಿದ್ದಲಿಲ್ಲ. ಹೂಂ ಅಣ್ಣಾರ, ಹೂಂ ಅಣ್ಣಾರ ಎಂದು ಫೋನಿಟ್ಟು, ಬಾಲ್ಕನಿಯಲ್ಲಿ ಹಾವಿನ ಮರಿಗಳಂತೆ ಸುತ್ತಿಕೊಂಡು ಬಿದ್ದ ಪೈಪುಗಳ ನಡುವೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಎಂಥ ತಲೆ ಹೇಗಾಯಿತಲ್ಲ ಎಂದು ಸಂಕಟಪಡುತ್ತಿದ್ದೆ.

ಒಂದು ಶನಿವಾರ ಷಟರಿನ ದರ್ಶನ ಮುಗಿಸಿ ಬಂದು, ಊಟ ಮಾಡಿ, ಫೋನು ಪಕ್ಕಕ್ಕಿಟ್ಟುಕೊಂಡು ಕೂತೆ. ಫೋನು ಬರಲಿಲ್ಲ. ನಾನೇ ಮಾಡಿದೆ, ಯಾರೂ ಎತ್ತಲಿಲ್ಲ. ಸಂಜೆ ಅವರ ಕಾಕಾ ಫೋನು ಮಾಡಿ, ಮಷೀನಿನ ಮೇಲಿದ್ದಾಗಲೇ ಹೃದಯ ನಿಂತಿತೆಂದು ಹೇಳಿದರು. ಮರುದಿನ ನಾವು ಹೋದಾಗ ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಏರಿಸಿದ್ದರು. ಬಂದವರೆಲ್ಲ ಸಾಲಾಗಿ ಬಂದು ಬಾಯಿಗೆ ತೀರ್ಥ ಬಿಡುತ್ತಿದ್ದರು. ವೇರೂಳದ್ದು, ಪೈಠಣದ್ದು, ಸ್ವಾಮಿಗಳ ಪಾದೋದಕ. ಶಾಂತಾ ಕೂಡ ರಾಮಕುಂಡದ್ದನ್ನು ಒಂದು ಸಣ್ಣ ಬಾಟಲಿಯಲ್ಲಿ ತಂದಿದ್ದಳು, ಅದನ್ನು ನಾನೇ ಬಿಟ್ಟೆ. ನೀರು ತುಟಿಯಿಂದ ಇಳಿದು ಅಂಗಿ ತೋಯಿಸಿತು. ಇನ್ನು ಅಳತೆ ಹಾಕುವವರು ಯಾರೂ ಇರಲಿಲ್ಲ. ಬದುಕಿದ್ದಾಗ ಒಂದು ಲೋಟ ನೀರಿಗೆ ಬಾಯಿ ಬಿಟ್ಟವರ ಮೇಲೆ ಸತ್ತ ಮೇಲೆ ಇಷ್ಟು ನೀರು ಸುರಿದೆವಲ್ಲ ಎಂದು ನನಗೆ ನಮ್ಮೆಲ್ಲರ ಮೇಲೂ ಅಸಹ್ಯ ಬಂತು.

ತೀರಿಕೊಂಡವರ ಹೆಸರಿನಲ್ಲಿ ಮಾಡುವ ಗಣಾರಾಧನೆಯ ದಿನ ಊಟ ಮುಗಿದು ಜನ ಚದುರಿದ ಮೇಲೆ ಮಹಾದೇವಿ ವೈನಿ ನನ್ನನ್ನು ಒಳಗೆ ಕರೆದು, ಹಳೆ ಟವೆಲಿನಲ್ಲಿ ಸುತ್ತಿಟ್ಟ ಹೊಸ ಪಂಪು ಕೊಟ್ಟರು. ನಾನು ಅದನ್ನು ಹಿಡಿದು, “ಕಡೀಕ ಕಡೀಕ ಅಣ್ಣಾರಿಗಿ ಪೈಪಿನ ಸೈಜ್ ಸೈತ ನೆನಪ ಉಳಿಲಿಲ್ಲ ವೈನಿ. ಭಾಳ ತ್ರಾಸ ಅನಸ್ತಿತ್ತು” ಎಂದೆ. ವೈನಿ ನನ್ನ ಮುಖ ನೋಡಿದರು.

“ಯಾರಿಗಿ ನೆನಪ ಉಳಿಲಿಲ್ರಿ? ಅವ್ರಿಗಿ ಎಲ್ಲಾ ನೆನಪಿತ್ತು. ಫೋನ್ ಇಟ್ಟಮ್ಯಾಲ ನಗ್ತಿದ್ರು. ‘ಪಾಟೀಲ್ರಿಗಿ ಈ ವಾರ ಮುಕ್ಕಾಲ ಇಂಚ್ ಹೇಳೀನಿ, ಮುಂದಿನ ವಾರ ಅರ್ಧ ಅಂತೀನಿ’ ಅಂತಿದ್ರು. ಯಾಕ ಆ ಮನಶ್ಯಾಗ ಸುಮ್ಮನ ತಿರಗಸ್ತೀರಿ ಅಂತ ನಾ ಸಿಟ್ಟ ಮಾಡ್ದೆ. ‘ನಾಸಿಕದಾಗ ಅವ್ರಿಗಿ ಕನ್ನಡ ಮಾತಾಡಲಾಕ ಯಾರೂ ಇಲ್ಲ. ಇದು ಮುಗದ್ರ ಶನಿವಾರ ಏನ ಮಾಡ್ತಾರ? ನಾ ಇರೋತನಕ ಮುಗೀಬಾರ್ದು’ ಅಂದ್ರು.”

ನಾನು ರೋಗಿಯನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ಎಷ್ಟೊಂದು ಶನಿವಾರ ಮುಚ್ಚಿದ ಬಾಗಿಲಿಗೆ ನಮಸ್ಕಾರ ಹೊಡೆದು ಬಂದಿದ್ದೆ. ರೋಗಿ ಮಷೀನಿನ ಮೇಲೆ ಮಲಗಿ ನನ್ನ ದೇಖರೇಖಿ ಮಾಡುತ್ತಿದ್ದರು. ನನ್ನ ಸುಳ್ಳು ಅವರಿಗೂ ತಿಳಿದಿತ್ತೇ? ಔರಂಗಾಬಾದಿನಲ್ಲಿ ಕೂತವರಿಗೆ ಅಂಬಡದ ವಾರದ ರಜೆ ಗೊತ್ತಿರಲಾರದು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಆ ಮನುಷ್ಯನ ವಿಷಯದಲ್ಲಿ ಏನನ್ನೂ ಹೇಳುವಂತಿಲ್ಲ.

ಈಗ ನಮ್ಮ ಮನೆಯಲ್ಲಿ ಎಲ್ಲವೂ ಇದೆ. ತಾಮ್ರದ ಬಿಲ್ಲೆಯನ್ನು ಶಾಂತಾ ಹುಣಸೆಹಣ್ಣು ಹಾಕಿ ತಿಕ್ಕಿ ಪಾಚಿ ಬಿಡಿಸಿದ್ದಾಳೆ. ಕಚೇರಿಗೆ ಒಂದು ದಿನ ರಜೆ ಹಾಕಿ, ಅಂಗಡಿ ತೆರೆದಿರುವಾಗಲೇ ಹೋಗಿ ರೇಡಿಯೇಟರನ್ನೂ ತಂದೆ. ಹೊಸ ಪಂಪು ಇದೆ, ಬ್ಯಾಟರಿ ನೀರಿದೆ, ಅರ್ಧ ಇಂಚಿನದೂ ಮುಕ್ಕಾಲು ಇಂಚಿನದೂ ಬೇಕಾದಷ್ಟು ಪೈಪಿದೆ. ಅರ್ಧ ದಿನದ ಕೆಲಸ. ಕಂಪ್ಯೂಟರ್ ಮಾತ್ರ ಮೂಲೆಯಲ್ಲಿ ಇನ್ನೂ ಗಿರಣಿಯಂತೆ ಸದ್ದು ಮಾಡುತ್ತ ಬಿಸಿಯಾಗುತ್ತಿದೆ. ಮೊನ್ನೆ ಶಾಂತಾ ಎಲ್ಲವನ್ನೂ ಚಾಪೆಯ ಮೇಲೆ ಹರವಿ ನನ್ನ ಮುಂದೆ ಕೂತು, “ಎಲ್ಲಾ ಬಂತಲ್ರಿ. ಹಚ್ಚಿಬಿಡ್ರಿ” ಎಂದಳು. ನಾನು ಅರ್ಧ ಇಂಚಿನ ಪೈಪು ತೆಗೆದುಕೊಂಡು ಪಂಪಿನ ಬಾಯಿಗೆ ಇಟ್ಟು ಒತ್ತಿದೆ. ಅಳತೆ ಮಾಡಿಸಿದಂತೆ ಕೂತಿತು. ಕಿತ್ತು ತೆಗೆದೆ.

“ಇದು ಕೂಡಂಗಿಲ್ಲ. ಸೈಜ್ ಬ್ಯಾರೆ ಅದ” ಎಂದೆ.

ಪೈಪು ಕೂತದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಒಮ್ಮೆ ಪೈಪನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಎತ್ತಿ ಮತ್ತೆ ಅದೇ ಟವೆಲಿನಲ್ಲಿ ಕಟ್ಟುತ್ತ ಹೇಳಿದಳು:

“ಹಂಗಾದ್ರ ಶನಿವಾರ ಅಂಬಡಕ್ಕ ಹೋಗಿ ಬರ್ರಿ.”